ಚಿಕ್ಕಪ್ಪನ ಸಿಟ್ಟೂ ಚದರ ಇಂಚೂ

ನಮ್ಮ ಚಿಕ್ಕಪ್ಪನಿಗೆ ಆಗಾಗ ಸಿಟ್ಟು ಬರುತ್ತದೆ ಎಂದು ಜನ್ನಾಪುರದವರು ಹೇಳುವುದು ಶುದ್ಧ ಸುಳ್ಳು. ಹೋದರೆ ತಾನೆ ಬರುವುದು!

ಭದ್ರಾವತಿಯ ಕಾರ್ಖಾನೆಯೊಂದರಲ್ಲಿ, ನೀರಿನ ಒತ್ತಡದಿಂದ ಕಬ್ಬಿಣ ಅದುಮುವ ಪ್ರೆಸ್ಸು ಅವರ ಕೈಯಲ್ಲಿತ್ತು. ‘ಬಲವನ್ನು ವಿಸ್ತೀರ್ಣದಿಂದ ಭಾಗಿಸು, ಒತ್ತಡ ಸಿಗುತ್ತೆ’ ಎಂಬುದೇ ಅವರ ಜಪ. ಒಮ್ಮೆ ಶಿವಮೊಗ್ಗದ ಬಸ್ಸಿನಲ್ಲಿ, ಮಲವಗೊಪ್ಪ ದಾಟುವಾಗ, ದಪ್ಪನೆಯ ಸಾಹುಕಾರರೊಬ್ಬರು ಇವರ ಕಾಲು ತುಳಿದರು.

“ರೀ, ನಿಮ್ಮ ತೂಕ ಎಷ್ಟ್ರೀ? ಹಿಮ್ಮಡಿ ಎಷ್ಟು ಚದರ ಇಂಚು?” ಎಂದು ಚಿಕ್ಕಪ್ಪ ಗುಡುಗಿದರು.

“ಯಾಕ್ ಸ್ವಾಮಿ, ಬೂಟ್ ಹೊಲಿಸ್ಕೊಡ್ತೀರಾ?”

ಇಂಥವರ ತಾಯಿ, ನಮ್ಮಜ್ಜಿ, ಸೊಂಟ ಮುರಿದು ಹಾಸಿಗೆ ಹಿಡಿದರು. ಬೆನ್ನಲ್ಲಿ ಹುಣ್ಣಾಯಿತು. “ಮಂಚ ಒತ್ತಿ ಒತ್ತಿ ಆಗಿದ್ದು. ಒತ್ತೋದು ನಿಲ್ಲದಿದ್ರೆ ಅಜ್ಜಿ ಉಳಿಯೋದು ಕಷ್ಟ” ಎಂದರು ಡಾಕ್ಟರು.

ಒತ್ತಡ! ಅದೂ ಇವರ ಮನೆಯಲ್ಲೇ! ಚಿಕ್ಕಪ್ಪ ಡಾಕ್ಟರಿಗೆ ಬೈದರು, ಹಾಸಿಗೆಯ ಹತ್ತಿಗೆ ಬೈದರು, ಮಂಚಕ್ಕೆ ಬೈದರು, ಕೊನೆಗೆ ನನಗೂ ಬೈದರು. ನಾನೇನು ಮಾಡಿದ್ದೆ? ಅವರು ಮಂಚಕ್ಕೆ ಬೈದದ್ದನ್ನು ಅವರ ದನಿಯಲ್ಲೇ ಅಜ್ಜಿಗೆ ಆಡಿ ತೋರಿಸಿದ್ದೆ, ಅಷ್ಟೇ. (ಮಂಚದ ಪಾತ್ರವೂ ನನ್ನದೇ. ಮೋರೆ ಒಪ್ಪುತ್ತದೆ.)

ಆಮೇಲೆ ಚಿಕ್ಕಪ್ಪ ಲಾರಿ ಟ್ಯೂಬುಗಳನ್ನು ಕತ್ತರಿಸಿ, ಪಂಕ್ಚರ್ ಅಂಗಡಿಯಲ್ಲಿ ಅಂಟಿಸಿ, ಮಂಚದುದ್ದದ ಚೀಲ ಮಾಡಿಸಿದರು. ಅದಕ್ಕೆ ನೀರು ತುಂಬಿ ಅಜ್ಜಿಯನ್ನು ಮಲಗಿಸಿದರು. “ತೊಂಬತ್ತು ಪೌಂಡು ತೂಕ, ಮೈಯಡಿ ಒಂಬೈನೂರು ಚದರ ಇಂಚು! ಇಂಚಿಗೆ ಪೌಂಡಿನ ಹತ್ತನೇ ಒಂದು ಪಾಲು! ಇರುವೆ ಕೂತ ಹಾಗೆ!”

“ಬಂಡೆ ಮೇಲೆ ಮಲಗ್ಸಿದ್ದೀಯಲ್ಲೋ!” ಅಜ್ಜಿ ನರಳಿದರು.

“ಲೆಕ್ಕ ಸರಿಯಾಗಿದೆ ಕಣಮ್ಮಾ! ಚೀಲ ಪೂರ್ತಿ ನಿನ್ನ ಹೊತ್ತಿದೆ!”

“ಪೂರ್ತಿ ಅಂಟ್ಕೊಳ್ಳೋಕೆ ನಾನೇನು ಕಾವಲಿ ಮೇಲಿನ ರೊಟ್ಟಿನಾ? ಬೆನ್ನು, ಸೊಂಟ, ಹಿಮ್ಮಡಿ, ಇಷ್ಟೇ ತಾಗ್ತಿರೋದು!”

ಕಾರ್ಖಾನೆಯ ಚಾಳಿ! ಚಿಕ್ಕಪ್ಪ ಚೀಲ ಬಿರಿಯುವಷ್ಟು ಬಿಗಿಯಾಗಿ ನೀರು ತುಂಬಿಬಿಟ್ಟಿದ್ದರು. “ವಿಸ್ತೀರ್ಣಾನೇ ತಪ್ಪು! ಕತ್ತೆ! ಕತ್ತೆ!” ಎಂದು ಕೂಗಿದರು. ಅಭ್ಯಾಸಬಲದಿಂದ ನಾನು “ಏನು ಚಿಕ್ಕಪ್ಪ?” ಎಂದೆ. ಈ ಸಲದ ಕತ್ತೆ ನಾನಲ್ಲ! ಚಿಕ್ಕಪ್ಪ ತಮ್ಮ ಹಣೆಯನ್ನೇ ಚಚ್ಚಿಕೊಳ್ಳುತ್ತಿದ್ದರು.

ಚೀಲದ ಬಾಯಿ ಬಿಚ್ಚಿ ಅರ್ಧ ನೀರು ಹೊರಗೆ ಬಿಟ್ಟೆವು. ಚೀಲ ಸಡಿಲವಾಗಿ, ಅಜ್ಜಿಯ ಮೈಯಿದ್ದ ಹಾಗೇ ಬಾಗಿ, ಹೆಗಲಿಂದ ಹಿಮ್ಮಡಿಯವರೆಗೂ ತಬ್ಬಿಕೊಂಡಿತು. ಎಲ್ಲಾದರೂ ಒತ್ತುತ್ತಿದೆಯೇ ಎಂದು ಚಿಕ್ಕಪ್ಪ ಸೊಂಟದಡಿ ಅಂಗೈ ತೂರಿಸಿದರು. ಅಷ್ಟರಲ್ಲಿ ಗೊರಕೆ! ವಾರಗಳಾದ ಮೇಲೆ ಅಜ್ಜಿಗೆ ನಿದ್ದೆ ಹತ್ತಿತ್ತು.

“ಕೈ ತೆಗೀರಿ ಚಿಕ್ಕಪ್ಪ, ಪಾಳಿಗೆ ಹೊತ್ತಾಯ್ತು.”

“ತೆಗೆದ್ರೆ ಎಚ್ಚರ ಆಗುತ್ತೆ, ಸುಮ್ನಿರೋ ಮಾರಾಯ” ಎಂದು ಪಿಸುಗುಟ್ಟಿ, ಬಗ್ಗಿದ ಹಾಗೇ ಮೆಲ್ಲಗೆ ನೆಲಕ್ಕೆ ಕುಳಿತರು.

ಮಧ್ಯಾಹ್ನದ ಪಾಳಿಯ ಸೈರನ್ನು ಊರು ನಡುಗುವಂತೆ ಕೂಗಿತು. ಅಜ್ಜಿಯ ಗೊರಕೆ ನಿಲ್ಲಲಿಲ್ಲ. ಚಿಕ್ಕಪ್ಪ ಏಳಲಿಲ್ಲ.