ಅಣ್ಣ ಮತ್ತೆ ಬೈದ ದಿನ

ಸುಖವಾಗಿರುವುದು ನನಗೆ ಬರುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡ ಮಾತು. ಎಲ್ಲಿಗಾದರೂ ಹೋಗಿ ಎರಡು ದಿನ ಆರಾಮಾಗಿ ಇದ್ದು ಬರೋಣವೆಂದು ಹೊರಟರೆ, ಆರಾಮಿಗೆ ಬೇಕಾದ ಸಾಮಾನು ಹೊರುವುದರಲ್ಲೇ ನನ್ನ ಆರಾಮು ಮುಗಿದುಹೋಗಿರುತ್ತದೆ. ಸೊಳ್ಳೆಪರದೆ, ಬ್ಯಾಟರಿ, ತಲೆನೋವಿನ ಮುಲಾಮು, ಟ್ರಾನ್ಸಿಸ್ಟರು. ಟ್ರಾನ್ಸಿಸ್ಟರು ಕೈಕೊಟ್ಟರೆ ಇರಲಿ ಎಂದು ಇಸ್ಪೀಟು. ಆಡಲು ಜನ ಸಿಗದಿದ್ದರೆ ಇರಲಿ ಎಂದು ಒಂದು ದಪ್ಪ ಪುಸ್ತಕ. “ನೀವು ಹವಾ ಬದಲಿ ಮಾಡಾಕ ಹೊಂಟೀರೋ, ಮನೀನ ಬದಲಿ ಮಾಡಾಕ ಹೊಂಟೀರೋ?” ಎಂದು ನನ್ನ ಹೆಂಡತಿ ಸುಶೀಲಾ ಪ್ರತಿ ಸಲವೂ ಕೇಳುತ್ತಾಳೆ. ಪ್ರತಿ ಸಲವೂ ನಾನು ಕೇಳಿಸದವನಂತೆ ಇನ್ನೊಂದು ಚೀಲಕ್ಕೆ ಹಗ್ಗ ಬಿಗಿಯುತ್ತೇನೆ.

ಆದರೆ ಆ ಸಲ ಹೊರಟದ್ದು ನನ್ನ ಸುಖಕ್ಕಲ್ಲ, ಅಣ್ಣನಿಗಾಗಿ. ನಮ್ಮ ಶಾಮಣ್ಣ ರಸ್ತೆ, ಸೇತುವೆ ಕಟ್ಟಿಸುವ ಇಲಾಖೆಯಲ್ಲಿ ಓವರ್ಸಿಯರ್ ಆಗಿ ನಿವೃತ್ತನಾದವನು. ಆಯುಷ್ಯವೆಲ್ಲ ಬೇರೆಯವರ ಕೆಲಸದಲ್ಲಿ ಓರೆಕೋರೆ ಹುಡುಕಿ ಸಂಬಳ ತೆಗೆದುಕೊಂಡವನು, ನಿವೃತ್ತಿಯ ಮೇಲೆ ಅದೇ ಕೆಲಸವನ್ನು ನೆಂಟರಿಷ್ಟರ ಮನೆಗಳಲ್ಲಿ ಪುಕ್ಕಟೆಯಾಗಿ ಮುಂದುವರಿಸಿದ. ಗುಲಬರ್ಗಾದಿಂದ ಹಿಮಾಯತ್‌ನಗರದ ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಶುರು. ಬಾಗಿಲು ಕಿರುಗುಟ್ಟುತ್ತದೆ, ಗೋಡೆಯ ಪಟ ವಾರೆಯಾಗಿದೆ, ಮೋರಿಗೆ ಇಳಿಜಾರು ಸಾಲದು, ಚಹಾಕ್ಕೆ ಸಕ್ಕರೆ ಹೆಚ್ಚಾಗಿದೆ. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗುತ್ತಿದ್ದ. ನನ್ನಲ್ಲಿ ಅವನಿಗೆ ಯಾವತ್ತೂ ಸಾಮಗ್ರಿಯ ಕೊರತೆ ಬಿದ್ದದ್ದಿಲ್ಲ. ಆಗ ವೈನಿ, ಅಂದರೆ ಅವನ ಹೆಂಡತಿ, “ಸಾಕ್ರಿ, ಸ್ವಲ್ಪ ನಾಳಿಗೆ ಉಳಸ್ಕೋರಿ” ಎಂದರೆ ಮಾತ್ರ ಸುಮ್ಮನಾಗುತ್ತಿದ್ದ.

ಆ ಚಳಿಗಾಲದಲ್ಲಿ ವೈನಿ ತೀರಿಕೊಂಡರು. ದಿನಕರ್ಮಗಳು ಮುಗಿದ ಮೇಲೆ ಅಣ್ಣನನ್ನು ನಮ್ಮಲ್ಲಿಗೇ ಕರೆತಂದೆವು. ಅವನು ಅಳಲಿಲ್ಲ, ಕೂಗಾಡಲಿಲ್ಲ. ತಪ್ಪು ಹುಡುಕುವುದನ್ನು ಮಾತ್ರ ಬಿಟ್ಟುಬಿಟ್ಟ. ಏನು ಕೇಳಿದರೂ “ಆತು ಬಿಡು.” ಒಂದು ದಿನ ಸುಶೀಲಾ ಅವಸರದಲ್ಲಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಮೊದಲ ತುತ್ತಿಗೇ ನಾನು ಕಣ್ಣು ಕಣ್ಣು ಬಿಟ್ಟೆ. ಅಣ್ಣ ಎಲ್ಲವನ್ನೂ ಉಂಡು ಕೈತೊಳೆದುಕೊಂಡ. “ಭಾವಾರ, ಸಾರು ಹೆಂಗಿತ್ತ್ರಿ?” ಎಂದರೆ “ಚಲೋ ಇತ್ತವಾ” ಎಂದು ಎದ್ದುಹೋದ. ಸುಶೀಲಾ ಅಡಿಗೆಮನೆಗೆ ನನ್ನನ್ನು ಕರೆದು, “ನನಗ ಹೆದರಿಕಿ ಆಗಾಕತ್ತೈತ್ರಿ. ಬೈದಿದ್ರ ಎಷ್ಟೋ ಚಲೋ ಇತ್ತು” ಎಂದಳು. ಬೈಸಿಕೊಳ್ಳಲಿಕ್ಕೆ ಹಂಬಲಿಸುವ ಕಾಲ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಸಚಿವಾಲಯದಲ್ಲಿ ನನ್ನ ಪಕ್ಕದ ಮೇಜಿನ ರೆಡ್ಡಿಯವರಿಗೆ ವಿಕಾರಾಬಾದಿನ ಹತ್ತಿರ ಹೊಲದ ನಡುವೆ ಎರಡು ಕೋಣೆಯ ಮನೆಯಿತ್ತು. ನನ್ನ ಗೋಳು ಕೇಳಿ, “ಚಾವಿ ಲೇ ಲೋ ಭಾಯಿ, ದೋ ದಿನ್ ವಹಾಂ ರಹ್‌ಕೆ ಆವೋ” ಎಂದು, ಎರಡು ದಿನ ಅಲ್ಲಿ ಇದ್ದು ಬರಲು ಬೀಗದಕೈ ಕೊಟ್ಟರು. ಶನಿವಾರ ಪ್ಯಾಸೆಂಜರ್ ಗಾಡಿ ಹಿಡಿದು, ಸ್ಟೇಷನ್ನಿನಿಂದ ಜಟಕಾದಲ್ಲಿ ನಾವು ಮೂವರೂ ನನ್ನ ಚೀಲಗಳೂ ಅಲ್ಲಿಗೆ ಹೋಗಿ ಬಿದ್ದೆವು. ಒಂದು ಬಾವಿ, ಒಂದು ಬೇವಿನ ಮರ, ನಾಲ್ಕಾರು ಪೇರಲ ಗಿಡ, ಸುತ್ತ ತೊಗರಿ ಹೊಲ. ನಮ್ಮ ಬೀದಿಯಲ್ಲಿ ಹಗಲಿಡೀ ಮೋಟಾರುಗಳ ಹಾರ್ನು ಕೇಳುವ ನನ್ನ ಕಿವಿಗೆ ಅಲ್ಲಿಯ ನಿಶ್ಶಬ್ದ ಏನೋ ಕೆಟ್ಟುನಿಂತಂತೆ ಕೇಳಿಸಿತು.

ಅಣ್ಣನ ಮನಸ್ಸನ್ನು ಅರಳಿಸುವ ಕಾರ್ಯಕ್ರಮ ತಕ್ಷಣ ಆರಂಭಿಸಿದೆ. ಟ್ರಾನ್ಸಿಸ್ಟರು ಹಚ್ಚಿದರೆ ಬರೀ ಗೊರಗೊರ. ಇಸ್ಪೀಟು ಹಾಕಿದರೆ ಅವನು ಎಲೆಯನ್ನೂ ನೋಡದೆ ಆಡಿ, ಸೋತು, “ಆತು ಬಿಡು” ಎಂದ. ಕೊನೆಗೆ ವೇದಾಂತದ ದಪ್ಪ ಪುಸ್ತಕ ತೆರೆದು, ಹೊರಸಿನ ಮೇಲೆ ಕುಳಿತು, ಸಂಸಾರ ನಶ್ವರವೆಂಬ ಅಧ್ಯಾಯವನ್ನು ಗಟ್ಟಿಯಾಗಿ ಓದತೊಡಗಿದೆ. ಬೇವಿನ ನೆರಳು, ತಂಗಾಳಿ. ಎರಡನೆಯ ಪುಟಕ್ಕೆ ನಾನೇ ನಿದ್ದೆ ಹೋದೆ. ಎಚ್ಚರವಾದಾಗ ಪುಸ್ತಕ ಕೈಯಲ್ಲಿರಲಿಲ್ಲ. ಅಲುಗಾಡುತ್ತಿದ್ದ ಹೊರಸಿನ ಕಾಲಿನ ಕೆಳಗೆ ಅದನ್ನು ನೀಟಾಗಿ ಇಟ್ಟು, ಅಣ್ಣ ದೂರದಲ್ಲಿ ಬಾವಿಕಟ್ಟೆಯ ಮೇಲೆ ಕುಳಿತಿದ್ದ. ನನಗೆ ಸಿಟ್ಟು ಬಂತೇ ಹೊರತು, ಅದರ ಅರ್ಥ ಹೊಳೆಯಲಿಲ್ಲ.

ರವಿವಾರ ಬೆಳಿಗ್ಗೆ ಸುಶೀಲಾ ರೊಟ್ಟಿಗೆ ಹಿಟ್ಟು ಕಲಸಿಟ್ಟು, ಅಂಗಳದಲ್ಲಿ ಮೂರು ಕಲ್ಲು ಹೂಡಿ ಒಲೆ ಹೊತ್ತಿಸಲು ನನಗೆ ಹೇಳಿದಳು. ಗ್ಯಾಸಿನ ಒಲೆಯನ್ನೇ ಮೂರು ಕಡ್ಡಿ ಗೀರಿ ಹಚ್ಚುವವನು ನಾನು. ಕಟ್ಟಿಗೆ ತುರುಕಿದೆ, ಊದಿದೆ, ಕೆಮ್ಮಿದೆ. ಬೆಂಕಿಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಬಂತು. ಪೇರಲ ಗಿಡದ ಗಿಳಿಗಳು ಹೊಗೆಗೆ ಹಾರಿಹೋದವು. ಆಗ ಬಾವಿಕಟ್ಟೆಯ ಕಡೆಯಿಂದ ಧ್ವನಿ ಬಂತು.

“ಲೇ ಮಬ್ಬ, ಅದೇನು ಒಲಿಯೋ, ಕಟಿಗಿ ಅಡ್ಡೆಯೋ? ಗಾಳಿ ಎಲ್ಲಿಂದ ಹೋಗಬೇಕದು, ನಿನ್ನ ತಲಿ ಒಳಗಿಂದೇನು?”

ನಾನು ಊದುಗೊಳವೆ ಹಿಡಿದು ಹಾಗೇ ಕುಳಿತೆ. ಸುಶೀಲಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಅಣ್ಣ ಎದ್ದು ಬರುತ್ತಿದ್ದ. ಅವಳು ಅವನ ಬೆನ್ನ ಹಿಂದಿನಿಂದ ನನಗೆ ಕೈಸನ್ನೆ ಮಾಡಿದಳು: ಇನ್ನೂ ಕೆಡಿಸಿರಿ, ಇನ್ನೂ ಕೆಡಿಸಿರಿ. ನಾನು ಒಂದು ಹಸಿ ಕಟ್ಟಿಗೆ ತುರುಕಿದೆ. ನಿಜ ಹೇಳಬೇಕೆಂದರೆ ಅದು ನಟನೆಯಾಗಿರಲಿಲ್ಲ, ಅದು ಹಸಿಯದೆಂದು ನನಗೆ ಗೊತ್ತೇ ಇರಲಿಲ್ಲ. ಅಣ್ಣ ನನ್ನನ್ನು ಪಕ್ಕಕ್ಕೆ ನೂಕಿ, ಕಲ್ಲು ಕಿತ್ತು ಬೇರೆ ಹೂಡಿ, ಪುಳ್ಳೆಯಿಟ್ಟು, ಒಂದೇ ಕಡ್ಡಿಗೆ ಉರಿ ಎಬ್ಬಿಸಿದ. ಮುಂದೆ ನನ್ನ ಬಾವಿಯ ಹಗ್ಗದ ಗಂಟು ತಪ್ಪಾಯಿತು, ಕೊಡ ಎತ್ತುವ ರೀತಿ ತಪ್ಪಾಯಿತು, ನಾನು ಲುಂಗಿ ಕಟ್ಟಿದ್ದೂ ತಪ್ಪಾಯಿತು. ಒಂದೊಂದು ಬೈಗುಳಕ್ಕೂ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಒಲೆಯ ಸುತ್ತಲೇ ಊಟಕ್ಕೆ ಕುಳಿತೆವು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ, ಗುದ್ದಿ ಒಡೆದ ಉಳ್ಳಾಗಡ್ಡಿ. ಅಣ್ಣ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಮೆಲ್ಲಗೆ, “ಅಕೀ ರೊಟ್ಟಿ ಇದಕ್ಕಿಂತಾ ತೆಳ್ಳಗಿರ್ತಿದ್ವು” ಎಂದ. ವೈನಿ ಹೋದ ಮೇಲೆ ಅವನ ಬಾಯಿಂದ ಅವರ ಮಾತು ಬಂದದ್ದು ಅದೇ ಮೊದಲು. ತನ್ನ ರೊಟ್ಟಿಯಲ್ಲಿ ಕೊಂಕು ತೆಗೆದರೆ ದೇವರನ್ನೂ ಬಿಡದ ಸುಶೀಲಾ, “ಹೌದ್ರಿ ಭಾವಾರ, ಅಕ್ಕನ ಕೈ ನನಗ ಎಲ್ಲಿಂದ ಬರಬೇಕ್ರಿ” ಎಂದು ಇನ್ನೊಂದು ಬಡಿಸಿದಳು. ಅವನು ಅದನ್ನೂ ಉಂಡ, ಮತ್ತೊಂದು ಕೇಳಿದ. ವೈನಿ ಮದುವೆಯಾದ ಹೊಸದರಲ್ಲಿ ಸುಟ್ಟ ರೊಟ್ಟಿಗಳ ಕಥೆ ಹೇಳಿದ. ಹೇಳುತ್ತಾ ನಕ್ಕ, ನಗುತ್ತಾ ಕಣ್ಣೊರೆಸಿಕೊಂಡ.  ಆಮೇಲೆ ಬಾವಿಯ ತಣ್ಣೀರು ಕುಡಿದು ಬೇವಿನ ಕೆಳಗೆ ಮಲಗಿದ. ಅವನ ಗೊರಕೆ ಕೇಳುತ್ತಾ ನಾನೂ ಸುಶೀಲಾಳೂ ಪೇರಲ ಕಚ್ಚುತ್ತಾ ಕುಳಿತೆವು. ಬೇರೇನೂ ಮಾಡಲಿಲ್ಲ. ಮಾಡಬೇಕೆಂದು ನನಗೂ ಅನಿಸಲಿಲ್ಲ, ಅದೇ ಆಶ್ಚರ್ಯ.

ಮರುದಿನ ಹಿಮಾಯತ್‌ನಗರದಲ್ಲಿ ಎದುರುಮನೆಯ ರಾವ್ ಅವರು ಮೆಟ್ಟಿಲ ಬಳಿ ಅಣ್ಣನನ್ನು ಮಾತಾಡಿಸುತ್ತಿದ್ದರು. ಎಲ್ಲಿ ಹೋಗಿದ್ದಿರಿ ಎಂದು ಕೇಳಿರಬೇಕು. ಅಣ್ಣ ಧ್ವನಿ ತಗ್ಗಿಸಿ ಹೇಳುತ್ತಿದ್ದದ್ದು ನನಗೆ ಒಳಗೆ ಸ್ಪಷ್ಟವಾಗಿ ಕೇಳಿಸಿತು. “ನಮ್ಮ ತಮ್ಮಗ ಮನಸ್ಸಿಗೆ ಭಾಳ ಬ್ಯಾಸರ ಆಗಿತ್ತ್ರಿ. ಏನೇನೋ ಓದತಿದ್ದ, ಒಬ್ಬನ ಕುಂತು ಚೀಲ ತುಂಬತಿದ್ದ. ಅದಕ್ಕ ಎರಡು ದಿನ ಹಳ್ಳಿಗೆ ಕರಕೊಂಡು ಹೋಗಿದ್ದೆ. ಈಗ ಎಷ್ಟೋ ಸುಧಾರಿಸ್ಯಾನ. ಆದ್ರ ಇನ್ನೊಂದೆರಡು ಸಲ ಕರಕೊಂಡು ಹೋಗಬೇಕಾಗ್ತೈತಿ.”

ಅಲ್ಲಗಳೆಯೋಣವೆಂದು ಹೊರಗೆ ಬಂದೆ. ರಾವ್ ಅವರು ನನ್ನನ್ನು ಕನಿಕರದಿಂದ ನೋಡಿ, “ಹೇಗಿದ್ದೀರಿ ಈಗ?” ಎಂದು ಕೇಳಿದರು. ಅಣ್ಣನ ಮುಖ ನೋಡಿದೆ. “ಪರವಾಗಿಲ್ಲ ರಾವ್ ಅವರೇ, ಅಣ್ಣ ಇದ್ದಾನಲ್ಲ” ಎಂದೆ.