ಮೂರನೆಯ ಭೋಂಗಾ

ಬೆಂಗಳೂರನ್ನು ಒಂದೇ ದಿನದಲ್ಲಿ, ಒಂದು ನಿಮಿಷವೂ ಪೋಲಾಗದಂತೆ, ಇಡಿಯಾಗಿ ತೋರಿಸಿಕೊಂಡು ಬರುತ್ತೇನೆ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ನೀಲಕ್ಕ ಜೋಳದ ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ.

"ಖರೇನ?" ಎಂದಳು, ಅಷ್ಟೇ.

ಖರೇನೇ! ನಾನೇನು ಸಾಮಾನ್ಯನೇ? ಹುಟ್ಟಿದೂರು ಸನವಳ್ಳಿಯ ನಮ್ಮ ಓಣಿಯಲ್ಲಿ ಬಿ.ಎ. ಪಾಸಾದ ಮೊದಲ ಗಂಡು. ಈಗ ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಟೈಮ್ ಆಫೀಸಿನ ಗುಮಾಸ್ತ. ಯಾವ ಕೂಲಿಗಾರ ಎಷ್ಟಕ್ಕೆ ಒಳಗೆ ಬಂದ, ಎಷ್ಟಕ್ಕೆ ಹೊರಗೆ ಹೋದ ಎಂಬುದೆಲ್ಲ ನನ್ನ ಲೇಖನಿಯ ತುದಿಯಲ್ಲಿ. ನನ್ನ ಮುಂದೆ ಬೆಂಗಳೂರು ಯಾವ ಲೆಕ್ಕ!

ಶುಕ್ರವಾರ ಹೊರಡುವುದು, ಶನಿವಾರ ನೋಡುವುದು, ರವಿವಾರ ಮನೆಗೆ. ಕಾರ್ಬನ್ ಇಟ್ಟು ವೇಳಾಪಟ್ಟಿಯ ಮೂರು ಪ್ರತಿ ತೆಗೆದೆ. ಒಂದು ನನಗೆ, ಒಂದು ನೀಲಕ್ಕನಿಗೆ, ಒಂದು ಅವ್ವನಿಗೆ. ಅವ್ವನಿಗೆ ಓದಲು ಬಾರದೆಂಬುದು ಕಾಗದವನ್ನು ಅವಳ ಕೈಗೆ ಕೊಟ್ಟ ಮೇಲೆ ನೆನಪಾಯಿತು!

ಅವ್ವ ಅದನ್ನು ತಿರುವಿ ಮುರುವಿ ನೋಡಿದಳು. "ಇದರಾಗ ವಿಧಾನಸೌಧ ಎಲ್ಲೈತೋ ಶೇಖಾ?"

"ಕಡೀಕವ್ವಾ. ಮೊದಲ ಲಾಲ್‌ಬಾಗ, ಆಮ್ಯಾಲ ಮ್ಯೂಜಿಯಂ, ಆಮ್ಯಾಲ ಅದು."

"ಮೊದಲ ಅದನ್ನ ತೋರಿಸಿಬಿಡಪಾ. ಉಳದದ್ದು ನೀವು ಗಂಡಾ ಹೆಂಡತಿ ನೋಡಕೋರಿ."

ಅವ್ವ ಕೇಳಿದ್ದು ಅದೊಂದೇ. ಅವಳ ತಮ್ಮ ಈಶಪ್ಪ, ಅಂದರೆ ನನ್ನ ಸೋದರಮಾವ, ಆ ಕಟ್ಟಡ ಏಳುವಾಗ ಎರಡು ವರ್ಷ ಅಲ್ಲಿ ಕಲ್ಲು ಹೊತ್ತವನು. ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ, "ಅಕ್ಕಾ, ನಾ ಹೊತ್ತ ಕಲ್ಲು ಒಮ್ಮೆ ಬಂದು ನೋಡ" ಎನ್ನುತ್ತಿದ್ದ. ಹೋದ ವರ್ಷ ತೀರಿಕೊಂಡ.

"ಹಂಗ ಬರೂದಿಲ್ಲವ್ವಾ. ಪಟ್ಟಿ ಅಂದ ಮ್ಯಾಲ ಪಟ್ಟಿ!" ಎಂದೆ. ಈ ಮಾತನ್ನು ಆಡಿದ ನಾಲಗೆಗೆ ಆಮೇಲೆ ಏನೇನು ಬೈದುಕೊಂಡೆನೋ!

ಅವ್ವನಿಗೆ ಗಡಿಯಾರವೂ ತಿಳಿಯದು. ಆದರೆ ದಾಂಡೇಲಿಯಲ್ಲಿ ಗಡಿಯಾರ ಯಾರಿಗೆ ಬೇಕು? ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕಾರ್ಖಾನೆಯ ಭೋಂಗಾ, ಅಂದರೆ ಸೈರನ್ನು, ಕೂಗಿದರೆ ಊರಿಗೆ ಊರೇ ಏಳುತ್ತದೆ, ಉಣ್ಣುತ್ತದೆ, ಕೆಲಸಕ್ಕೆ ಓಡುತ್ತದೆ. ನಮ್ಮ ಮನೆಯ ಒಲೆ ಹೊತ್ತುವುದೂ ಭೋಂಗಾಕ್ಕೇ. ಹಾಗಾಗಿ ಪಟ್ಟಿಯನ್ನು ಅವ್ವನಿಗೆ ತಿಳಿಯುವಂತೆ ಬಾಯಿಪಾಠ ಮಾಡಿಸಿದೆ. "ಮೊದಲನೇ ಭೋಂಗಾಕ್ಕ ಲಾಲ್‌ಬಾಗ. ಎರಡನೇದಕ್ಕ ಮ್ಯೂಜಿಯಂ. ಮೂರನೇದಕ್ಕ ವಿಧಾನಸೌಧ. ತಿಳೀತ?"

"ತಿಳೀತು."

"ಬೆಂಗಳೂರಾಗೂ ಭೋಂಗಾ ಇರ್ತೈತೇನ್ರಿ?" ಎಂದು ನೀಲಕ್ಕ ಕೇಳಿದಳು.

"ಇಷ್ಟು ಸಣ್ಣ ದಾಂಡೇಲಿಗೆ ಅಷ್ಟು ದೊಡ್ಡದೈತಿ. ರಾಜಧಾನಿಗೆ ಎಂಥಾದ್ದಿರಬೇಕು, ನೀನ ವಿಚಾರ ಮಾಡು!"

ಶನಿವಾರ ಬೆಳಿಗ್ಗೆ ಏಳಕ್ಕೆಲ್ಲ ಲಾಲ್‌ಬಾಗಿನಲ್ಲಿದ್ದೆವು. ದೂರದಲ್ಲಿ ಭೋಂಗಾ ಕೂಗಿತು. "ಕೇಳಿದೇನು!" ಎಂದು ನೀಲಕ್ಕನ ಕಡೆ ಬೀಗಿ ನೋಡಿದೆ. ಆಮೇಲೆ ನನಗೆ ಹೊರಗಿನ ಲೋಕದ ಎಚ್ಚರವೇ ಉಳಿಯಲಿಲ್ಲ. ಅಲ್ಲಿ ಮರಮರಕ್ಕೂ ಹೆಸರಿನ ಫಲಕ! ಓದಿದವನಾಗಿ ಬಿಡಲಾದೀತೇ? ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ, ನೀಲಕ್ಕನಿಗೆ ಓದಿ ಹೇಳುತ್ತ, ಅವಳ ಆಕಳಿಕೆಯನ್ನೂ ಲೆಕ್ಕಿಸದೆ ಹದಿನೇಳನೆಯ ಮರಕ್ಕೆ ಬಂದೆ.

"ರೀ, ಅತ್ತಿ ಎಲ್ಲಿ?"

ತಿರುಗಿದೆ. ಅವ್ವ ಇಲ್ಲ!

ಅವ್ವನ ಹೆಗಲಲ್ಲಿದ್ದ ರೊಟ್ಟಿಯ ಗಂಟೂ ಇಲ್ಲ. ಕೆರೆಯ ದಂಡೆ ನೋಡಿದೆವು, ಗಾಜಿನ ಮನೆ ನೋಡಿದೆವು, ಮಾಲಿಗಳನ್ನು ಕೇಳಿದೆವು. "ನೀ ಈ ಗೇಟಿನಾಗ ನಿಂದ್ರು, ನಾ ಒಂದು ಸುತ್ತ ಹಾಕಿ ಬರ್ತೇನಿ" ಎಂದು ಓಡಿದೆ. ಸುತ್ತು ಹಾಕಿ ಬಂದರೆ ಗೇಟು ಅದೇ, ನೀಲಕ್ಕ ಇಲ್ಲ! ಗೇಟೂ ಅದೇ ಅಲ್ಲವೆಂದು ಆಮೇಲೆ ತಿಳಿಯಿತು. ಆ ತೋಟಕ್ಕೆ ನಾಲ್ಕು ಗೇಟುಗಳಂತೆ. ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ.

ಮಧ್ಯಾಹ್ನವಾಯಿತು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಒಂದು ಕಲ್ಲುಬೆಂಚಿನ ಮೇಲೆ ಕುಸಿದೆ. ಸನವಳ್ಳಿಗೆ ಯಾವ ಮುಖ ಹೊತ್ತು ಹೋಗಲಿ? "ಮುದಕವ್ವ ಎಲ್ಲಿ?" ಎಂದು ಓಣಿಯವರು ಕೇಳಿದರೆ ವೇಳಾಪಟ್ಟಿ ತೋರಿಸಲೇ? ಗಂಡ ಸತ್ತ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು ನನ್ನನ್ನು ಓದಿಸಿದವಳು. ಒಂದು ಕಲ್ಲು ತೋರಿಸೆಂದರೆ ನಾನು ಅವಳಿಗೆ ಮರದ ಫಲಕ ಓದುತ್ತ ನಿಂತಿದ್ದೆ!

ಕಣ್ಣೊರೆಸಿಕೊಂಡು ಪೊಲೀಸ್ ಠಾಣೆ ಹುಡುಕಿದೆ. ಒಳಗೆ ಕಾಲಿಟ್ಟೊಡನೆ ಪೇದೆ ಕೈಯಲ್ಲಿದ್ದ ಕಾಗದವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಬಡಕಲು ಆಳು, ಕನ್ನಡಕ, ಕೈಯಲ್ಲಿ ನೋಟ್‌ಬುಕ್ಕು, ತನಗೇ ಎಲ್ಲಾ ಗೊತ್ತು ಅನ್ನೋ ಮುಖ. ನೀವೇ ತಾನೇ ಸ್ವಾಮಿ? ನಿಮ್ಮೆಂಗಸರು ಆಗಲೇ ಬರೆಸಿದಾರೆ."

ಮೂಲೆಯ ಬೆಂಚಿನಲ್ಲಿ ನೀಲಕ್ಕ! "ಗುರುತು ಬರೋಬರಿ ಹೇಳೇನಿಲ್ರಿ?" ಎಂದಳು.

ಅಷ್ಟರಲ್ಲಿ ಹೊರಗೆ ಭೋಂಗಾ ಕೂಗಿತು. ಹಿಂದೆಯೇ ಇನ್ನೊಂದು. ನೀಲಕ್ಕ ಪೇದೆಯನ್ನು ಕೇಳಿದಳು, "ಅಣ್ಣಾರ, ಈ ಊರಾಗ ಭೋಂಗಾ ಎಷ್ಟದಾವ್ರಿ?"

"ಮಿಲ್ಲಿಗೊಂದು, ಫ್ಯಾಕ್ಟರಿಗೊಂದು ಕಣಮ್ಮಾ. ಬೆಳಿಗ್ಗೆ ಹೊತ್ತಂತೂ ಒಂದರ ಬಾಲ ಹಿಡಿದು ಒಂದು ಕೂಗ್ತವೆ."

ನೀಲಕ್ಕ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಒಂದು, ಎರಡು, ಮೂರು! ಎಂಟು ಗಂಟೆಯೊಳಗೆ ಅವ್ವನ ಪಾಲಿಗೆ ಪಟ್ಟಿ ಮುಗಿದಿತ್ತು!

ಜಟಕಾ ಹಿಡಿದು ವಿಧಾನಸೌಧಕ್ಕೆ ಓಡಿದೆವು. ಮೊದಲು ಕಂಡವನು ಕಾವಲುಗಾರ. ಮೆಟ್ಟಿಲ ಬದಿಗೆ ಕುಳಿತು, ಖಡಕ್ ರೊಟ್ಟಿಗೆ ನಮ್ಮ ಕೆಂಪು ಚಟ್ನಿ ಹಚ್ಚಿಕೊಂಡು ತಿನ್ನುತ್ತ, ಖಾರಕ್ಕೆ ದಳದಳ ಕಣ್ಣೀರು ಸುರಿಸುತ್ತಿದ್ದ. ಅವನಾಚೆ, ಗೋಡೆಯ ಬುಡದಲ್ಲಿ, ಅವ್ವ! ಒಂದು ಕಲ್ಲು ಮುಟ್ಟುವಳು, ಕೈಯನ್ನು ಕಣ್ಣಿಗೊತ್ತಿಕೊಳ್ಳುವಳು, ಮುಂದಿನ ಕಲ್ಲಿಗೆ ಸರಿಯುವಳು.

"ಅವ್ವಾ!" ಎಂದೆ.

"ಈಗ ಬಂದೇನು? ಭೋಂಗಾ ಆಗಿ ಎಷ್ಟೊತ್ತಾತು! ಟೈಮ್ ಆಫೀಸಿನ್ಯಾವಂತ!"

"ನಿನಗ ದಾರಿ ಹೆಂಗ ಗೊತ್ತಾತವ್ವಾ?"

"ಬಾಯಿ ಇಲ್ಲೇನು? ಕೇಳಕೋತ ಬಂದೆ."

ಅವಳ ಕಾಲು ಹಿಡಿಯಬೇಕೆನಿಸಿತು. ಹಿಡಿಯದೆ, ಮೂಗು ಒರೆಸಿಕೊಂಡು ಕೇಳಿದೆ: "ಮಾವ ಹೊತ್ತ ಕಲ್ಲು ಯಾವುದಂತ ಸಿಕ್ಕಿತ?"

"ಅಂವಾ ಗುರುತು ಹೇಳಿ ಸತ್ತಾನೇನು? ಅದಕ್ಕ ಎಲ್ಲಾನೂ ಮುಟ್ಟಾಕತ್ತೇನಿ. ಈ ಬದಿ ಮುಗೀಲಿಕ್ಕ ಬಂತು. ಇನ್ನ ಮೂರು ಬದಿ ಉಳದಾವ."

ನಾನು ಆ ಕಟ್ಟಡವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಕೈಗಡಿಯಾರ ನೋಡಿದೆ. ರೈಲಿಗೆ ಒಂದೇ ಗಂಟೆ! ನೀಲಕ್ಕ ಆಗಲೇ ಸೆರಗು ಸಿಕ್ಕಿಸಿಕೊಂಡು ಹಿಂಬದಿಗೆ ಹೊರಟಿದ್ದಳು.

"ನಿಂತು ಏನ್ ನೋಡತಿ?" ಎಂದಳು ಅವ್ವ. "ನೀ ಆ ಮೂಲಿಂದ ಸುರು ಮಾಡು. ನಿನ್ನ ರೈಲಿಗೆ ತಡಾ ಆದೀತು!"