ಮೂಗಿಲ್ಲದ ಅಕ್ಕಾವರು, ಇಂಟರ್ ಫೇಲ್ ವೈನಿ

"ಸೀದಾ ಜಾವ್ ಅಮ್ಮಾ. ಕೇಲೇ ಕೀ ಬಾಸ್ ಆಯೀ ತೋ ಲೆಫ್ಟ್. ಸಡೇ ಅಂಡೇ ಕೀ ಬಾಸ್ ಆಯೀ ತೋ ಸಮಝೋ ಆಗೇ ನಿಕಲ್ ಗಯೇ."

ಪಟಾನ್‌ಚೆರುವಿನ ಕಾರ್ಖಾನೆಗಳ ನಡುವೆ ದಾರಿ ತಪ್ಪಿ ನಿಂತ ನಮ್ಮ ಆಟೋಗೆ ಚಹಾ ಅಂಗಡಿಯವನು ಹೇಳಿದ ದಾರಿ ಇದು. ಬಾಳೆಹಣ್ಣಿನ ವಾಸನೆ ಬಂದರೆ ಎಡಕ್ಕೆ ತಿರುಗಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮುಂದೆ ಬಂದುಬಿಟ್ಟಿದ್ದೇವೆ ಎಂದರ್ಥ. ಬೇರೆಯವರಿಗೆ ಬೋರ್ಡು ನೋಡಿದರೆ ದಾರಿ ಸಿಗುತ್ತದೆ. ನನ್ನ ಪಾಲಿಗೆ ಮಾತ್ರ ಇಂಥವೇ ಕಾದು ಕುಳಿತಿರುತ್ತವೆ. ಊರಿಗೆಲ್ಲ ಬಾಗಿಲು ಹಾಕಿಸಿದ ಆ ದೊಡ್ಡ ಜ್ವರದ ವರ್ಷದಿಂದ ನನಗೆ ಯಾವ ವಾಸನೆಯೂ ಗೊತ್ತಾಗುವುದಿಲ್ಲ.

ಪಕ್ಕದಲ್ಲಿ ಕುಳಿತಿದ್ದವರು ನಾರಾಯಣಗೂಡದ ನಮ್ಮ ಬಿಲ್ಡಿಂಗಿನ ಮೇಲಿನ ಮನೆಯವರು. ಕಲಬುರಗಿ ಕಡೆಯವರು, ಎಲ್ಲರಿಗೂ ವೈನಿ, ಅಂದರೆ ಅತ್ತಿಗೆ. ಅರವತ್ತರ ಹತ್ತಿರದ ವಯಸ್ಸು. ಅವತ್ತು ಅವರ ಇಂಟರ್, ಅಂದರೆ ಪಿಯುಸಿ, ಕೆಮಿಸ್ಟ್ರಿ ಪರೀಕ್ಷೆ. ಹುಡುಗಿಯಾಗಿದ್ದಾಗ ಸರಿಯಾಗಿ ಆ ಪೇಪರಿನ ದಿನವೇ ಅವರ ಮದುವೆಯ ಮುಹೂರ್ತ ಇಟ್ಟಿದ್ದರು. ಬರೆಯದ ಪರೀಕ್ಷೆಗೆ ಇಡೀ ಮನೆತನ ಅವರನ್ನು 'ಇಂಟರ್ ಫೇಲ್' ಎಂದು ಕರೆಯುತ್ತ ಬಂತು. ಆ ಎರಡನೆಯ ಪದ ಅಳಿಸಬೇಕೆಂದೇ ಅವರು ಓಪನ್ ಸ್ಕೂಲಿಗೆ ಹೆಸರು ಹಚ್ಚಿದ್ದರು. ಈಗ ನೋಡಿದರೆ ಪರೀಕ್ಷಾ ಕೇಂದ್ರದ ಗೇಟು ಮುಚ್ಚುವ ಹೊತ್ತು, ನಾವಿನ್ನೂ ರಸ್ತೆಯಲ್ಲಿ.

"ಅದು ಎಸ್ಟರ್ ಇರಬೇಕು ವೈನಿ," ಎಂದೆ ನಾನು, ಕಡೆಯ ಗಳಿಗೆಯ ರಿವಿಜನ್ ಆಗಲಿ ಎಂದು. "ಆಲ್ಕೋಹಾಲಿಗೆ ಆಸಿಡ್ ಕೂಡಿದರ ಎಸ್ಟರ್. ಅದಕ್ಕ ಹಣ್ಣಿನ ವಾಸನಿ..."

"ಅಕ್ಕಾವರ, ಬಾಯಿ ಮುಚ್ಚರಿ. ನಾ ಮೂಸಾಕತ್ತೀನಿ."

ಸಿಲಿಂಡರ್

ವೈನಿ ವಾಸನೆಯ ಜಾಡು ಹಿಡಿದು ಗೇಟು ಮುಟ್ಟಿಸಿದರು. ಅವರು ಒಳಗೆ ಹೋದಮೇಲೆ ನಾನು ಕಾಂಪೌಂಡಿನ ಗೋಡೆಯ ಮೇಲೆ ಕುಳಿತೆ. ವೈನಿಗೆ ನಾನು ಹೇಳುವ ಈ ಪಾಠ ಹೇಗೆ ಶುರುವಾಯಿತೆಂದು ನೆನೆದರೆ ಈಗಲೂ ನಾಚಿಕೆ.

ಊರೂರು ತಿರುಗಿ ಕೆಮಿಸ್ಟ್ರಿ ಕಲಿಸಿದವಳು ನಾನು, ವೈನಿಯ ಮಾತಿನಲ್ಲಿ 'ಅಕ್ಕಾವರು', ಅಂದರೆ ಟೀಚರಮ್ಮ. ಮಸ್ಕತ್, ದಾರ್ ಎಸ್ ಸಲಾಮ್, ಪೆನಾಂಗ್ ಎಲ್ಲ ಮುಗಿಸಿ ಈಗ ಅಡುಗೆಮನೆಯ ಮೇಜಿನಿಂದ ಮೊಬೈಲಿನಲ್ಲಿ ಕೋಚಿಂಗ್ ಹುಡುಗರಿಗೆ ಪಾಠ. ಅವತ್ತು ಹೈಡ್ರೋಕಾರ್ಬನ್. "ಪ್ರೊಪೇನ್, ಬ್ಯೂಟೇನ್, ಇವಕ್ಕೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಸಿಲಿಂಡರಿನಲ್ಲಿ ನಾರುವ ಪದಾರ್ಥ ಬೆರೆಸಿರುತ್ತಾರೆ. ಎಂಥ ದಡ್ಡನಿಗೂ ತಿಳಿಯುತ್ತದೆ," ಎನ್ನುತ್ತಿದ್ದೆ.

ವೈನಿ ಮೇಲಿಂದ ಓಡಿಬಂದರು. ರೆಗ್ಯುಲೇಟರ್ ತಿರುವಿ, ಕಿಟಕಿ ಬಾಗಿಲು ಎಲ್ಲ ತೆರೆದರು.

"ವೈನಿ, ಕ್ಲಾಸ್ ನಡದೈತಿ!"

"ನಡೀಲಿ ರೀ, ಕ್ಲಾಸ್ ನಡೀಲಿ. ಬಿಲ್ಡಿಂಗ್ ಹಾರಬಾರದು, ಅಷ್ಟ."

ಅಂದಿನಿಂದ ನಮ್ಮಿಬ್ಬರಲ್ಲಿ ಒಂದು ಒಪ್ಪಂದ. ನನ್ನ ಹಾಲು, ಬ್ಯಾಳಿ, ನಿನ್ನೆಯ ಪಲ್ಯ ಎಲ್ಲವನ್ನೂ ಅವರು ಮೂಸಿ ನೋಡಬೇಕು. ನಾನು ಅವರಿಗೆ ಕೆಮಿಸ್ಟ್ರಿ ಹೇಳಬೇಕು. ದಾರ್ ಎಸ್ ಸಲಾಮಿನ ಬಂದರಿನಲ್ಲಿ ಲವಂಗದ ಮೂಟೆಗಳ ಪಕ್ಕವೇ ದಿನಾ ನಡೆದುಹೋಗುತ್ತಿದ್ದೆ. ಒಂದು ದಿನವೂ ನಿಂತು ಉಸಿರೆಳೆದುಕೊಂಡಿಲ್ಲ, ಎಲ್ಲಿಗೋ ಹೊತ್ತಾಗುತ್ತಿತ್ತು. ಮೂಗಿದ್ದಾಗ ಪುರಸೊತ್ತಿರಲಿಲ್ಲ, ಈಗ ಪುರಸೊತ್ತು ಬೇಕಾದಷ್ಟಿದೆ.

ಮದುವಿ ಸೀರಿ

ಪಾಲಿಮರ್ ಪಾಠಕ್ಕೆ ಎಳೆ ಸುಟ್ಟು ತೋರಿಸುವುದು ನನ್ನ ಹಳೆಯ ಪದ್ಧತಿ. ರೇಷ್ಮೆ ಸುಟ್ಟರೆ ಕೂದಲು ಸುಟ್ಟಂತೆ ನಾತ, ಬೆರಳಲ್ಲಿ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

"ಖರೇ ರೇಷ್ಮಿ ಹ್ಯಾಂಗ ಇರತೈತಿ, ತೋರಸ್ತೀನಿ ತಡೀರಿ," ಎಂದು ವೈನಿ ಟ್ರಂಕಿನಿಂದ ಮದುವೆಯ ಸೀರೆ ತಂದರು. ಸುಲ್ತಾನ್ ಬಜಾರಿನಲ್ಲಿ ಅವರ ಅತ್ತೆ ತಾವೇ ಆರಿಸಿದ್ದು. ಸೆರಗಿನ ಒಳಗಿಂದ ಒಂದು ಎಳೆ ಜಗ್ಗಿ ಕೊಟ್ಟರು.

ಎಳೆ ಕರಗಿತು. ಕಪ್ಪು ಮಣಿಯಾಗಿ ತಟ್ಟೆಯಲ್ಲಿ ಉರುಳಿತು.

ಆರಿದ ಮಣಿಯನ್ನು ವೈನಿ ಉಗುರಿನಿಂದ ಒತ್ತಿ ನೋಡಿದರು, ಪುಡಿಯಾಗಲಿಲ್ಲ. "ಇಷ್ಟು ವರ್ಷ ಇದಕ್ಕ ನೀರು ಸೋಕಿಸಿಲ್ಲ ರೀ. ಈಗ ಯಾರ ಜೋಡಿ ಜಗಳಾ ಮಾಡ್ಲಿ? ಅತ್ತಿ ಹೋಗಿಬಿಟ್ಟಾರ."

ಪಾಠ ಹೇಳಿದ್ದಕ್ಕೆ ಪಶ್ಚಾತ್ತಾಪವಾಗಿ ಏನಾದರೂ ಸಮಾಧಾನ ಹೇಳಬೇಕೆನಿಸಿತು. "ಪಾಲಿಯೆಸ್ಟರ್ ಭಾಳ ಬಾಳಿಕಿ ಬರತೈತಿ ವೈನಿ."

"ಹೌದ್ರಿ. ಅತ್ತಿಗಿಂತ ಹೆಚ್ಚು ಬಂತು."

ರಾಯರ ನೇಮ

ವೈನಿಯ ಯಜಮಾನರು ರಾಯರು, ಸರ್ಕಾರಿ ನೌಕರಿಯಿಂದ ನಿವೃತ್ತರು. ಸರ್ವಿಸಿನಾಗ ಒಂದು ಹನಿ ಮುಟ್ಟಿದಾಂವ ಅಲ್ಲ ಎಂಬುದು ಅವರ ದೊಡ್ಡ ಹೆಮ್ಮೆ. ಆಲ್ಕೋಹಾಲ್ ಪಾಠ ಶುರುವಾದ ದಿನ ಪೇಪರ್ ಮಡಿಚಿ ಇಟ್ಟರು.

"ಇಂಟರ್ ಫೇಲ್ ಆದಾಕಿಗೆ ಈ ವಯಸ್ಸಿನಾಗ ಆಲ್ಕೋಹಾಲ್ ಏನ್ರಿ ಅಕ್ಕಾವರ? ನಾಕು ಮಂದಿ ಏನಂದಾರು?"

ಅವರು ನಗೆಚಾಟಿಕೆಗೇ ಅಂದದ್ದು. ಆದರೆ 'ಫೇಲ್' ಎಂದಾಗಲೆಲ್ಲ ವೈನಿಯ ಕೈಯ ಪೆನ್ನು ಒಂದು ಕ್ಷಣ ನಿಲ್ಲುತ್ತಿತ್ತು. ಅವತ್ತೂ ನಿಂತಿತು. ಪುಸ್ತಕದಿಂದ ತಲೆ ಎತ್ತದೆಯೇ ಕೇಳಿದರು:

"ಅಕ್ಕಾವರ, ಇವರ ಕೆಮ್ಮಿನ ಗುಳಿಗ್ಯಾಗಿನ ಮೆಂಥಾಲ್, ಅದು ಆಲ್ಕೋಹಾಲ್ ಹೌದಲ್ರಿ?"

"ಹೌದು."

"ಹಿಮ್ಮಡಿಗೆ ಹಚ್ಚಿಕೊಳ್ಳೋ ಗ್ಲಿಸರಿನ್?"

"ಅದೂ."

"ರಕ್ತದಾಗಿನ ಕೊಲೆಸ್ಟೆರಾಲ್?"

ನಾನು ರಾಯರ ಮುಖ ನೋಡಿದೆ. ಆದರೇನು, ಕೆಮಿಸ್ಟ್ರಿಯಲ್ಲಿ ದಾಕ್ಷಿಣ್ಯಕ್ಕೆ ಜಾಗವಿಲ್ಲ. "ಅದೂ ಆಲ್ಕೋಹಾಲೇ."

"ಕೇಳಿದ್ರೇನು? ನಾ ಇನ್ನೂ ಬರೇ ಓದಾಕತ್ತೀನಿ. ನೀವು ತುಂಬಿಕೊಂಡು ತಿರಗಾಕತ್ತೀರಿ."

ಸುತ್ತು

ಪರೀಕ್ಷೆ ಮುಗಿಸಿ ಹೊರಬಂದ ವೈನಿಯನ್ನು ಕೇಳಿದೆ, "ಹ್ಯಾಂಗಾತು?"

"ಬೆಂಜೀನ್ ಪೂರಾ ಬಿಟ್ಟೀನಿ. ಸಕ್ಕರಿ ಹುಳಿ ಬರಿಸಿ ಎಥನಾಲ್ ಮಾಡೂದು ಕೇಳಿದ್ರು, ಅದನ್ನ ಛಲೋ ಬರದೀನಿ. ಮುಚ್ಚಳಾ ಬಿಗಿ ಮಾಡಬ್ಯಾಡ್ರಿ, ಸೀಸೆ ಒಡೀತೈತಿ ಅಂತ ಸಹ ಹೇಳೀನಿ."

ಇನ್ನು ಪಾಸು ಮಾಡಿಸುವುದು ದೇವರಿಗೇ ಬಿಟ್ಟದ್ದು ಎಂದುಕೊಂಡೆ. ನಮ್ಮ ಊರ ಹೊರಗೆ ವೀಸಾ ಕೊಡಿಸುವ ದೇವರಿದ್ದಾನೆ. ಕೇಳುವಾಗ ಗುಡಿಗೆ ಹನ್ನೊಂದು ಸುತ್ತು, ಕೊಟ್ಟಮೇಲೆ ನೂರೆಂಟು. ಅಷ್ಟು ದೇಶ ತಿರುಗಿದವಳು ಒಂದು ವೀಸಾಕ್ಕೂ ಅವನ ಹತ್ತಿರ ಹೋದವಳಲ್ಲ. ಹೋಗುವವರನ್ನು ನೋಡಿ ನಕ್ಕವಳು. ಅವತ್ತು ವಾಪಸು ಬರುವಾಗ ಆಟೋದಲ್ಲೇ ಕಣ್ಣು ಮುಚ್ಚಿ, ವೈನಿ ಪಾಸಾಗಲಿ ಎಂದು ಹರಕೆ ಹೊತ್ತೆ. ಕೇಳುವ ಹನ್ನೊಂದನ್ನೂ ಆಮೇಲೆ ಸುತ್ತುತ್ತೇನೆಂದು ಸಾಲ ಇಟ್ಟುಕೊಂಡೆ.

ವೈನಿ ಪಾಸಾದರು. ಅಂಚಿಗೆ ಅಂಟಿಕೊಂಡೇ, ಆದರೂ ಪಾಸು. ರಾಯರು ಮೊಬೈಲಿನಲ್ಲಿದ್ದ ರಿಸಲ್ಟನ್ನು ಜೋರಾಗಿ ಓದಿ, ಮತ್ತೊಮ್ಮೆ ಓದಿದರು. ವೈನಿ ಗೋಡೆಯ ಕಡೆ ನೋಡಿ ನಕ್ಕರು.

"ಫೇಲ್ ಅಂದವರಿಗೆ ತೋರಸಬೇಕಂತ ಭಾಳ ಇತ್ತು ರೀ. ಎಲ್ಲಾರೂ ಫೋಟೋದಾಗ ಹೋಗಿ ಕುಂತಾರ."

ನಾನು ಸಮುದ್ರ ದಾಟಿ ದಾಟಿ ಯಾರ ಯಾರ ಮಕ್ಕಳಿಗೋ ಪಾಠ ಹೇಳುತ್ತಿದ್ದಾಗ ಇವರು ಬೀಗ ಹಾಕಿದ್ದ ನನ್ನ ಮನೆಯ ಮೇಲೆಯೇ ಇದ್ದರು.

ಗುಡಿಯಲ್ಲಿ ಎಲ್ಲರ ಕೈಯಲ್ಲೂ ಸುತ್ತು ಗುರುತು ಹಾಕುವ ಚೀಟಿ. ಪಾಸ್‌ಪೋರ್ಟ್ ಹಿಡಿದ ಒಬ್ಬ ಯುವಕ ನನ್ನ ಜೊತೆಗೇ ಸುತ್ತುತ್ತ ಯಾವ ದೇಶಕ್ಕೆಂದು ಕೇಳಿದ, "ಏ ದೇಶಂ ಆಂಟೀ?"

"ಇಂಟರ್ ಕೆಮಿಸ್ಟ್ರಿ."

ಅವನಿಗೆ ಬಹಳ ಮರುಕವಾಗಿ, ಈ ಸಲ ಆಗಿಯೇ ಆಗುತ್ತದೆ ಎಂದು ಧೈರ್ಯ ಹೇಳಿದ. "ಪರವಾಲೇದು ಆಂಟೀ, ಈಸಾರಿ ವಸ್ತುಂದಿ."

"ನನಗಲ್ಲಪ್ಪಾ, ಪಾಸಾದವರು ಅಗೋ ಅಲ್ಲಿ." ವೈನಿ ನೆರಳಲ್ಲಿ ಕುಳಿತು ಪುಳಿಹೋರ ತಿನ್ನುತ್ತಿದ್ದರು.

"ಓದಿದಾಕಿ ನಾನು, ಬರದಾಕಿ ನಾನು," ಎಂದು ಅಲ್ಲಿಂದಲೇ ಕೂಗಿದರು, "ಇನ್ನ ಸುತ್ತೂದೂ ನಾನ ಏನು? ನಡೀರಿ, ನಡೀರಿ."

ಮೊಣಕಾಲು ಹಿಡಿದುಕೊಂಡು ಕಡೆಯ ಸುತ್ತು ಮುಗಿಸಿದೆ. ಕೈ ಮುಗಿದು, ಸಾಲ ತೀರಿತಪ್ಪಾ ಎಂದು ಮೆಟ್ಟಿಲ ಮೇಲೆ ಕುಸಿದೆ. ವೈನಿ ನನ್ನ ಚೀಟಿಯನ್ನು ಸಾವಕಾಶ ತಾಳೆ ನೋಡಿ, ಮಡಿಚಿ ನನ್ನ ಕೈಗೇ ಕೊಟ್ಟರು.

"ಅಕ್ಕಾವರ, ಹ್ಯಾಂಗೂ ಚಪ್ಪಲಿ ಬಿಟ್ಟೀರಿ. ಡಿಗ್ರಿಗೆ ಕೇಳೂದು ಹನ್ನೊಂದು ಈಗ ಹಾಕಿಬಿಡ್ರಿ."